ಮಗುವಿಗೆ ಇಟ್ಟ ಹೆಸರು ಮನೆಯವರಿಗೆ ಹಿಡಿಸದಿದ್ದಾಗ

ಮಗುವಿಗೆ ಹೆಸರೊಂದನ್ನು ಗೊತ್ತುಮಾಡಿಕೊಂಡು ಮನೆಯವರಿಗೆ ತಿಳಿಸಿದಾಗ ಮೊದಲು ಎದುರಾಗುವುದು ಸಾಮಾನ್ಯವಾಗಿ ನೇರ ವಿರೋಧವಲ್ಲ. ಒಂದು ಸಣ್ಣ ಮೌನ, ‘ಹೌದಾ... ಚೆನ್ನಾಗಿದೆ’ ಎಂಬ ತಡವರಿಸಿದ ಮಾತು, ಸ್ವಲ್ಪ ಹೊತ್ತಿನ ನಂತರ ‘ಬೇರೆ ಯಾವುದನ್ನೂ ನೋಡಲಿಲ್ಲವೇ?’ ಎಂಬ ಪ್ರಶ್ನೆ. ಮರುದಿನದ ಹೊತ್ತಿಗೆ ಆ ಪ್ರಶ್ನೆ ಇನ್ನಿಬ್ಬರು ಬಂಧುಗಳ ಬಾಯಿಗೆ ಬಿದ್ದು, ‘ಎಲ್ಲರಿಗೂ ಹಾಗೇ ಅನ್ನಿಸಿದೆಯಂತೆ’ ಎಂಬ ರೂಪದಲ್ಲಿ ವಾಪಸು ಬರುತ್ತದೆ. ತಿಂಗಳುಗಟ್ಟಲೆ ಯೋಚಿಸಿ, ಹತ್ತಾರು ಹೆಸರುಗಳನ್ನು ಹೊಡೆದುಹಾಕಿ, ಕೊನೆಗೆ ಒಂದಕ್ಕೆ ಬಂದು ನಿಂತ ತಂದೆತಾಯಿಗಳಿಗೆ ಇದು ಹೆಸರಿನ ಮೇಲಿನ ಟೀಕೆಯಾಗಿ ಕೇಳಿಸುವುದಿಲ್ಲ. ತಮ್ಮ ಅಭಿರುಚಿಯ ಮೇಲೆ, ಮಗುವಿನ ವಿಷಯದಲ್ಲಿ ತಮಗಿರುವ ವಿವೇಚನೆಯ ಮೇಲೆ ಎತ್ತಿದ ಪ್ರಶ್ನೆಯಾಗಿ ಕೇಳಿಸುತ್ತದೆ. ಆದ್ದರಿಂದಲೇ ಉತ್ತರವೂ ಬೇಕಾದದ್ದಕ್ಕಿಂತ ಬಿರುಸಾಗಿ ಹೊರಡುತ್ತದೆ.

ಇಂಥ ಸಂದರ್ಭದಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು, ಬಂದ ಆಕ್ಷೇಪದಲ್ಲಿ ಹೇಳಿರುವ ತೊಂದರೆಯನ್ನು ಮುಂದೆ ಅನುಭವಿಸುವವರು ಯಾರು ಎಂಬುದನ್ನು. ಅದು ಮಗುವಾದರೆ ಹೆಸರನ್ನು ಇನ್ನೊಮ್ಮೆ ಪರಿಶೀಲಿಸಬೇಕು. ಆಕ್ಷೇಪಿಸಿದವರೇ ಆದರೆ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಅವರ ಮನಸ್ಸಿಗಾದ ನೋವನ್ನು ಬೇರೆಯಾಗಿ ವಿಚಾರಿಸಿಕೊಳ್ಳಬೇಕು. ಈ ಎರಡನ್ನು ಬೆರೆಸಿಕೊಂಡಾಗಲೇ ಮಾತಿಗೆ ಮಾತು ಬೆಳೆದು, ಹೆಸರಿನ ಚರ್ಚೆ ಹಳೆಯ ಲೆಕ್ಕಗಳ ಜಗಳವಾಗಿ ಮಾರ್ಪಡುವುದು.

ಹೆಸರನ್ನು ನಿರ್ಧರಿಸುವವರು ಯಾರು

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೆಯ ವಿಧಿಯ ಪ್ರಕಾರ, ಪ್ರತಿಯೊಂದು ಮಗುವಿಗೂ ಹುಟ್ಟಿದ ಕೂಡಲೇ ನೋಂದಣಿಯಾಗುವ ಮತ್ತು ಹುಟ್ಟಿನಿಂದಲೇ ಒಂದು ಹೆಸರನ್ನು ಹೊಂದುವ ಹಕ್ಕಿದೆ. ಅಂದರೆ ಹಕ್ಕು ಮಗುವಿನದು. ಅದರ ಪರವಾಗಿ ಆರಿಸುವ ಹೊಣೆಯನ್ನು ಬಹುತೇಕ ದೇಶಗಳ ಕಾನೂನು ತಂದೆತಾಯಿಗಳಿಗೆ ವಹಿಸುತ್ತದೆ. ಒಂದು ಕಾಲಕ್ಕೆ ಸರ್ಕಾರಗಳು ಇದರಲ್ಲಿ ಸಾಕಷ್ಟು ಕೈಹಾಕುತ್ತಿದ್ದವು. ಫ್ರಾನ್ಸಿನಲ್ಲಿ 1803ರ ಕಾನೂನು, ಪಂಚಾಂಗಗಳಲ್ಲಿ ಬಳಕೆಯಲ್ಲಿದ್ದ ಮತ್ತು ಪ್ರಾಚೀನ ಇತಿಹಾಸದ ವ್ಯಕ್ತಿಗಳ ಹೆಸರುಗಳನ್ನಷ್ಟೇ ಮಕ್ಕಳಿಗೆ ಇಡಬಹುದೆಂದು ವಿಧಿಸಿತ್ತು. ತಂದೆತಾಯಿಗಳಿಗೆ ಮುಕ್ತ ಆಯ್ಕೆ ಸಿಕ್ಕಿದ್ದು 1993ರ ಕಾನೂನಿನಿಂದ. ಈಗ ಅಲ್ಲಿ ನೋಂದಣಾಧಿಕಾರಿ ಆಕ್ಷೇಪ ಎತ್ತಬೇಕಾದರೆ ಹೆಸರು ಮಗುವಿನ ಹಿತಕ್ಕೆ ವಿರುದ್ಧವಾಗಿದೆ ಎಂಬಂಥ ಕಾರಣ ಬೇಕು. ನ್ಯೂಜಿಲೆಂಡಿನಲ್ಲಿ 2008ರಲ್ಲಿ ಬೆಳಕಿಗೆ ಬಂದ ಪ್ರಕರಣವೊಂದರಲ್ಲಿ, ಒಂಬತ್ತು ವರ್ಷದ ಬಾಲಕಿಯೊಬ್ಬಳು ತನಗಿಟ್ಟಿದ್ದ ಇಡೀ ವಾಕ್ಯದಷ್ಟು ಉದ್ದದ ತಮಾಷೆಯ ಹೆಸರನ್ನು ಗೆಳತಿಯರಿಗೂ ಹೇಳಲಾಗದೆ ಮುಜುಗರ ಪಡುತ್ತಿದ್ದುದನ್ನು ಗಮನಿಸಿದ ನ್ಯಾಯಾಲಯ, ಹೆಸರನ್ನು ಬದಲಿಸುವ ಸಲುವಾಗಿ ಆಕೆಯನ್ನು ತಾತ್ಕಾಲಿಕವಾಗಿ ತನ್ನ ಪಾಲನೆಗೆ ತೆಗೆದುಕೊಂಡಿತು.

ಇದನ್ನೆಲ್ಲ ಮನೆಯವರ ಮುಂದೆ ಓದಿ ಹೇಳಬೇಕೆಂದಲ್ಲ. ಹಿರಿಯರ ಎದುರು ‘ಕಾನೂನಿನ ಪ್ರಕಾರ ನಿಮಗೆ ಹಕ್ಕಿಲ್ಲ’ ಎಂದವರು ಹೆಸರನ್ನು ಉಳಿಸಿಕೊಂಡಾರು, ಮನೆಯನ್ನು ಉಳಿಸಿಕೊಳ್ಳಲಾರರು. ಆದರೆ ಕಾನೂನು ತಲುಪಿರುವ ಆ ಅಳತೆಗೋಲು, ಅಂದರೆ ಮಗುವಿನ ಹಿತ, ಮನೆಯೊಳಗಿನ ಚರ್ಚೆಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಹೇಳುವ ಮೊದಲು

ಟೀಕೆಯ ಅರ್ಧ ಪಾಲು ಹುಟ್ಟುವುದು ಹೆಸರಿನಿಂದಲ್ಲ, ಅದನ್ನು ತಿಳಿಸಿದ ರೀತಿಯಿಂದ. ‘ಈ ಹೆಸರು ಹೇಗಿದೆ?’ ಎಂದು ಕೇಳಿದರೆ ಅಭಿಪ್ರಾಯಕ್ಕೆ ಆಹ್ವಾನ ಕೊಟ್ಟಂತೆಯೇ ಆಗುತ್ತದೆ. ಆಹ್ವಾನಿಸಿದ ಮೇಲೆ ಬಂದ ಅಭಿಪ್ರಾಯಕ್ಕೆ ಸಿಡುಕುವುದು ನ್ಯಾಯವಲ್ಲ. ‘ನಾವು ಒಂದು ಹೆಸರನ್ನು ಯೋಚಿಸುತ್ತಿದ್ದೇವೆ, ಇನ್ನೂ ಪೂರ್ತಿ ನಿರ್ಧಾರವಾಗಿಲ್ಲ, ಬಹುಶಃ ಅದೇ ಆಗಬಹುದು’ ಎಂಬಂಥ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಕೇಳಿದ ಪ್ರತಿಯೊಬ್ಬರೂ ಇನ್ನೂ ತಮ್ಮ ಮಾತಿಗೆ ಜಾಗವಿದೆ ಎಂದೇ ತಿಳಿಯುತ್ತಾರೆ. ನಿಜಕ್ಕೂ ಸಲಹೆ ಬೇಕಿದ್ದರೆ ಎರಡು ಮೂರು ಹೆಸರುಗಳನ್ನು ಮುಂದಿಟ್ಟು ಕೇಳಬೇಕು. ನಿರ್ಧಾರವಾಗಿದ್ದರೆ ‘ಮಗುವಿಗೆ ಈ ಹೆಸರಿಟ್ಟಿದ್ದೇವೆ’ ಎಂದು ಪೂರ್ಣವಿರಾಮವಿರುವ ವಾಕ್ಯದಲ್ಲಿ ತಿಳಿಸಬೇಕು.

ಅದಕ್ಕೂ ಮೊದಲು ದಂಪತಿಗಳಿಬ್ಬರ ಮಾತು ಒಂದೇ ಆಗಿರಬೇಕು. ಗಂಡ ಒಪ್ಪಿಗೆಯೆಂದು ತಲೆಯಾಡಿಸಿ, ತನ್ನ ತಾಯಿಯ ಮುಂದೆ ‘ಅದು ಅವಳ ಆಸೆ, ನನಗೇನೂ ಇಲ್ಲ’ ಎಂದುಬಿಟ್ಟರೆ, ಆ ಕ್ಷಣದಿಂದ ಹೆಸರು ಸೊಸೆಯ ಹಟವಾಗಿ ಬದಲಾಗುತ್ತದೆ. ಹೆಂಡತಿ ತನ್ನ ತವರಿನಲ್ಲಿ ಹಾಗೆ ಅಂದರೂ ಫಲ ಅದೇ. ಇಬ್ಬರಲ್ಲಿ ಒಬ್ಬರಿಗೆ ಒಳಗೊಳಗೇ ಅರೆಮನಸ್ಸಿದ್ದರೆ ಅದನ್ನು ಮನೆಯವರಿಗೆ ತಿಳಿಸುವ ಮೊದಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬಂಧುಗಳು ಆ ಬಿರುಕನ್ನು ಬಹಳ ಬೇಗ ಗುರುತಿಸುತ್ತಾರೆ. ಇದರ ಜೊತೆಗೇ ಪಾಲಿಸಬೇಕಾದ ಇನ್ನೊಂದು ನಿಯಮವೆಂದರೆ, ಅವರವರ ಮನೆಯವರಿಗೆ ಅವರವರೇ ಉತ್ತರ ಕೊಡುವುದು. ಮಗ ಅಥವಾ ಮಗಳು ಹೇಳಿದ ‘ಇಲ್ಲಮ್ಮ, ಇದೇ ಹೆಸರು’ ಎಂಬ ಮಾತು ಒಂದು ಗಂಟೆಯಲ್ಲಿ ಮರೆತುಹೋಗಬಹುದು. ಅದೇ ಮಾತು ಸೊಸೆಯಿಂದಲೋ ಅಳಿಯನಿಂದಲೋ ಬಂದರೆ ವರ್ಷಗಟ್ಟಲೆ ಉಳಿಯುತ್ತದೆ. ಒಬ್ಬರೇ ಮಗುವನ್ನು ಬೆಳೆಸುತ್ತಿರುವವರು ತಮ್ಮ ನಿರ್ಧಾರವನ್ನು ಬಲ್ಲ ಒಬ್ಬ ಸೋದರ, ಸೋದರಿ ಅಥವಾ ಸ್ನೇಹಿತರನ್ನು ಮುಂಚಿತವಾಗಿ ವಿಶ್ವಾಸಕ್ಕೆ ತೆಗೆದುಕೊಂಡಿರಬಹುದು.

ಹೆರಿಗೆಗೆ ಮೊದಲೇ ಹೇಳಬೇಕೋ ಆಮೇಲೆ ಹೇಳಬೇಕೋ ಎಂಬುದರಲ್ಲಿ ಒಂದೇ ಉತ್ತರವಿಲ್ಲ. ಮಗು ಹುಟ್ಟುವ ಮೊದಲು ಹೆಸರು ಬರಿಯ ಶಬ್ದ. ಅದರ ಬಗ್ಗೆ ಯಾರು ಏನು ಬೇಕಾದರೂ ಅನ್ನಬಹುದು. ಹುಟ್ಟಿದ ಮೇಲೆ ಅದು ಕೈಯಲ್ಲಿರುವ ಕೂಸಿನ ಹೆಸರು. ಮುಖ ನೋಡಿಕೊಂಡು ಕೊಂಕು ತೆಗೆಯಲು ಹೆಚ್ಚಿನವರು ಹಿಂಜರಿಯುತ್ತಾರೆ. ಈ ಲೆಕ್ಕದಲ್ಲಿ ಆಮೇಲೆ ಹೇಳುವುದೇ ಸುಲಭ. ಆದರೆ ತೀರ ಹತ್ತಿರದ ಹಿರಿಯರಿಗೆ, ಎಲ್ಲರೊಂದಿಗೆ ಸಾಲಿನಲ್ಲಿ ನಿಂತು ಕೇಳಿದಂತಾದರೆ, ಹೆಸರಿಗಿಂತ ಆ ಅಲಕ್ಷ್ಯವೇ ಚುಚ್ಚುತ್ತದೆ. ಕುಟುಂಬದ ಗುಂಪಿಗೆ ಸಂದೇಶ ಹಾಕುವ ಮುನ್ನ ಅವರೊಬ್ಬರಿಗೇ ಕರೆ ಮಾಡಿ, ‘ಮೊದಲು ನಿಮಗೆ ಹೇಳುತ್ತಿದ್ದೇನೆ’ ಎಂದು ತಿಳಿಸುವುದು ನನ್ನ ಮಟ್ಟಿಗೆ ಈ ಇಡೀ ವ್ಯವಹಾರದ ಅತಿ ಅಗ್ಗದ ಮತ್ತು ಅತಿ ಫಲಕಾರಿಯಾದ ಉಪಾಯ.

ಯಾವ ಆಕ್ಷೇಪವನ್ನು ಪರಿಶೀಲಿಸಬೇಕು

ಮೂಗು ಮುರಿದವರೆಲ್ಲರೂ ತಪ್ಪು ಎಂದುಕೊಳ್ಳುವುದೂ ಅಪಾಯವೇ. ದಿನವಿಡೀ ಒಂದೇ ಹೆಸರನ್ನು ಮೆಲುಕು ಹಾಕಿದವರ ಕಿವಿಗೆ ಅದರ ಕೊರತೆ ಕೇಳಿಸುವುದು ನಿಂತುಹೋಗಿರುತ್ತದೆ; ಹೊಸದಾಗಿ ಕೇಳಿದವರಿಗೆ ಅದು ತಟ್ಟನೆ ಗೋಚರಿಸುತ್ತದೆ. ‘ಮನೆತನದ ಹೆಸರಿನೊಂದಿಗೆ ಸೇರಿಸಿ ಗಟ್ಟಿಯಾಗಿ ಹೇಳಿ ನೋಡಿದ್ದೀರಾ?’, ‘ಮೊದಲಕ್ಷರಗಳನ್ನು ಒಟ್ಟಿಗೆ ಓದಿದರೆ ಏನಾಗುತ್ತದೆ?’, ‘ಚಿಕ್ಕಪ್ಪನ ಮಗುವಿಗೂ ಇದೇ ಹೆಸರಲ್ಲವೇ?’ ಎಂಬಂಥ ಪ್ರಶ್ನೆಗಳನ್ನು ಕೇಳಿದವರ ದನಿ ಎಷ್ಟೇ ವಕ್ರವಾಗಿದ್ದರೂ ಪ್ರಶ್ನೆ ನೇರವಾಗಿದೆ. ಹೆಸರು ಎರಡು ಭಾಷೆಗಳ ನಡುವೆ ಓಡಾಡಬೇಕಾದ ಕುಟುಂಬಗಳಲ್ಲಿ, ಇನ್ನೊಂದು ಭಾಷೆಯಲ್ಲಿ ಆ ಶಬ್ದಕ್ಕೆ ನಗೆಪಾಟಲಿನ ಅರ್ಥವಿದೆಯೇ, ಇನ್ನೊಂದು ಲಿಪಿಯಲ್ಲಿ ಬರೆದಾಗ ಅದು ಬೇರೆ ಶಬ್ದವಾಗಿ ಓದಿಸಿಕೊಳ್ಳುತ್ತದೆಯೇ ಎಂಬುದನ್ನು ಆ ಭಾಷೆಯನ್ನು ದಿನವೂ ಆಡುವವರೊಬ್ಬರಿಂದ ಕೇಳಿ ಖಚಿತಪಡಿಸಿಕೊಳ್ಳಬೇಕು. ಐಸ್‌ಲೆಂಡಿನಲ್ಲಿ 1991ರಲ್ಲಿ ರಚನೆಯಾದ ಹೆಸರುಗಳ ಸಮಿತಿ, ಹೊಸ ಹೆಸರೊಂದು ಬಂದಾಗ ಅದು ಆ ಭಾಷೆಯ ವಿಭಕ್ತಿ ಪ್ರತ್ಯಯಗಳಿಗೆ ಒಗ್ಗುತ್ತದೆಯೇ ಎಂದು ಪರಿಶೀಲಿಸುತ್ತದೆ. ಅಷ್ಟು ಕಟ್ಟುನಿಟ್ಟು ಬೇಡವೆನಿಸಿದರೂ, ‘ಅವನಿಗೆ’, ‘ಅವನಿಂದ’ ಎನ್ನುವ ಜಾಗದಲ್ಲಿ ಹೆಸರನ್ನು ಇಟ್ಟು ನಾಲ್ಕು ವಾಕ್ಯ ಆಡಿ ನೋಡುವುದರಲ್ಲಿ ನಷ್ಟವಿಲ್ಲ. ದೂರದಿಂದ ಕೂಗಿ ನೋಡುವುದು, ಫೋನಿನಲ್ಲಿ ಅಪರಿಚಿತರಿಗೆ ಹೇಳಿ ಅವರು ಬರೆದುಕೊಂಡದ್ದನ್ನು ಓದಿಸುವುದು ಕೂಡ ಇದೇ ಬಗೆಯ ಪರೀಕ್ಷೆಗಳು.

ಹೆಸರಿಗೆ ಹೊರಗಿನ ಯಾವುದೋ ಬಲವಾದ ನಂಟು ಇದೆಯೆಂಬ ಎಚ್ಚರಿಕೆಯನ್ನೂ ತಳ್ಳಿಹಾಕಬಾರದು. ಅಮೆಜಾನ್ ಸಂಸ್ಥೆ 2014ರ ಕೊನೆಯಲ್ಲಿ ಮಾತಿಗೆ ಓಗೊಡುವ ಸ್ಪೀಕರನ್ನು ಬಿಡುಗಡೆ ಮಾಡಿ ಅದಕ್ಕೆ ‘ಅಲೆಕ್ಸಾ’ ಎಂಬ ಕರೆಯ ಹೆಸರನ್ನು ಕೊಟ್ಟ ನಂತರದ ವರ್ಷಗಳಲ್ಲಿ, ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರಿಡುವವರ ಸಂಖ್ಯೆ ತೀವ್ರವಾಗಿ ಇಳಿಯಿತು. ಆ ಹೆಸರಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಆ ಹೆಸರಿನ ಹುಡುಗಿಗೆ ದಿನಕ್ಕೆ ಹತ್ತು ಸಲ ಯಾರಾದರೂ ಅಪ್ಪಣೆ ಕೊಟ್ಟು ನಗುತ್ತಾರೆ ಎಂಬುದು ಆಕೆಯ ಬದುಕಿಗೆ ಸಂಬಂಧಿಸಿದ ಮಾತೇ. ಇಂಥದ್ದನ್ನು ಎತ್ತಿ ತೋರಿಸಿದ ಬಂಧುವಿಗೆ ‘ಇದು ನಮಗೆ ಹೊಳೆದಿರಲಿಲ್ಲ, ಯೋಚಿಸುತ್ತೇವೆ’ ಎಂದು ಹೇಳಿ, ನಿಜವಾಗಿಯೂ ಯೋಚಿಸಬೇಕು. ಯೋಚಿಸಿದ ಮೇಲೆ ಅದೇ ಹೆಸರನ್ನು ಉಳಿಸಿಕೊಂಡರೂ ತಪ್ಪಿಲ್ಲ.

‘ಇದೆಂಥ ಹೆಸರು, ಎಲ್ಲೂ ಕೇಳಿಯೇ ಇಲ್ಲ’ ಎಂಬುದು ಮಾತ್ರ ಬೇರೆ ಜಾತಿಯ ಆಕ್ಷೇಪ. ಹೆಸರುಗಳು ಬರುತ್ತವೆ, ಹೋಗುತ್ತವೆ. ಕೇಳಿರದಿರುವುದು ಕೇಳಿದವರ ವಯಸ್ಸಿನ ಸಂಗತಿಯೇ ಹೊರತು ಹೆಸರಿನ ಸಂಗತಿಯಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತ ಪ್ರಕಟಿಸುವ ಹೆಸರುಗಳ ಪಟ್ಟಿ 1880ರಿಂದ ಆರಂಭವಾಗುತ್ತದೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳ ಪೈಕಿ ‘ಮೇರಿ’ 1946ರವರೆಗೆ ಒಂದು ವರ್ಷವೂ ತಪ್ಪದೆ ಮೊದಲ ಸ್ಥಾನದಲ್ಲಿತ್ತು. 1947ರಲ್ಲಿ ‘ಲಿಂಡಾ’ ಅದನ್ನು ಹಿಂದಿಕ್ಕಿತು. ಆಗ ಲಿಂಡಾ ಹೊಸ ಕಾಲದ ಹೆಸರು. ಇಂದು ಅದು ಅಜ್ಜಿಯರ ಹೆಸರು. ಈಗ ಕೇಳದ ಹೆಸರೆಂದು ಹುಬ್ಬು ಗಂಟಿಕ್ಕುವ ಹಿರಿಯರ ಹೆಸರುಗಳಿಗೂ ಅವರ ಹಿರಿಯರು ಹೀಗೆಯೇ ಹುಬ್ಬು ಗಂಟಿಕ್ಕಿರುವ ಸಂಭವ ಕಡಿಮೆಯೇನಲ್ಲ. ಈ ಬಗೆಯ ಮಾತಿಗೆ ವಾದದ ಅಗತ್ಯವಿಲ್ಲ, ಕಾಲವೇ ಸಾಕು. ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥವಿಲ್ಲದ ಶಬ್ದಗಳನ್ನೂ ಅಪರಿಚಿತ ಮುಖಗಳನ್ನೂ ಮತ್ತೆ ಮತ್ತೆ ಎದುರಿಗೆ ತಂದಷ್ಟೂ ಜನ ಅವುಗಳನ್ನು ಹೆಚ್ಚು ಇಷ್ಟಪಟ್ಟಿದ್ದರು. ಅರ್ಥವಿಲ್ಲದ ಶಬ್ದಕ್ಕೇ ಹೀಗಾದರೆ, ನಗುವ ಮಗುವಿನ ಜೊತೆ ಕೇಳಿಬರುವ ಹೆಸರಿಗೆ ಒಗ್ಗಿಕೊಳ್ಳಲು ಹೆಚ್ಚು ಕಾಲ ಬೇಕಾಗಲಾರದು.

ನೋವು ಮಾತಾಡಿದಾಗ

ಎಲ್ಲಕ್ಕಿಂತ ಕಷ್ಟದ ಆಕ್ಷೇಪಗಳು ಹೆಸರಿನ ಬಗ್ಗೆ ಇರುವುದೇ ಇಲ್ಲ. ‘ನಿಮ್ಮ ತಾತನ ಹೆಸರು ಇಡುತ್ತೀರಿ ಅಂದುಕೊಂಡಿದ್ದೆ’ ಎಂದು ಅಜ್ಜಿ ಹೇಳಿದಾಗ, ಹೊಸ ಹೆಸರಿನ ಅರ್ಥ ಎಷ್ಟು ಸುಂದರವಾಗಿದೆ ಎಂದು ವಿವರಿಸಲು ಹೊರಡುವುದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತೆ. ಆಕೆಗೆ ಬೇಕಿರುವುದು ತೀರಿಹೋದ ಮನುಷ್ಯನನ್ನು ಮನೆ ಮರೆತಿಲ್ಲ ಎಂಬ ಭರವಸೆ. ಇಂಥ ಸಂಭಾಷಣೆ ಹೀಗೆ ಸಾಗಬಹುದು:

‘ತಾತನ ಹೆಸರು ಇಟ್ಟಿದ್ದರೆ ನಿಮಗೆ ತುಂಬ ಸಂತೋಷ ಆಗುತ್ತಿತ್ತು ಅಲ್ಲವೇ?’

‘ನನ್ನ ಸಂತೋಷ ಏನು ಬಂತು ಬಿಡು. ಅವರ ಹೆಸರು ಹೇಳುವವರು ಇನ್ನು ಯಾರೂ ಇರುವುದಿಲ್ಲ ಅಷ್ಟೇ.’

‘ಹೆಸರು ನಾವು ಬೇರೆ ಇಟ್ಟಿದ್ದೇವೆ, ಅದನ್ನು ಬದಲಿಸುವುದಿಲ್ಲ. ಆದರೆ ತಾತನ ವಿಷಯ ಮಗುವಿಗೆ ಹೇಳುವುದು ನಿಮ್ಮ ಕೆಲಸ. ಅವರ ಫೋಟೋ ಒಂದನ್ನು ಮಗುವಿನ ಕೋಣೆಗೆ ನೀವೇ ಆರಿಸಿ ಕೊಡಿ.’

ಇಲ್ಲಿ ಗಮನಿಸಬೇಕಾದದ್ದು ಮೂರನೆಯ ಮಾತಿನ ಅನುಕ್ರಮವನ್ನು. ನೋವನ್ನು ಮೊದಲೇ ಒಪ್ಪಿಕೊಂಡಾಗಿದೆ. ಆಮೇಲೆ ನಿರ್ಧಾರ ಬದಲಾಗದೆಂಬುದನ್ನು ಸುತ್ತುಬಳಸದೆ ಹೇಳಲಾಗಿದೆ. ಅದರ ಬೆನ್ನಿಗೇ ಅಜ್ಜಿಗೆ ಮಗುವಿನ ಬದುಕಿನಲ್ಲಿ ಒಂದು ನಿಜವಾದ ಸ್ಥಾನ ಸಿಕ್ಕಿದೆ. ನಿರ್ಧಾರದ ಮಾತನ್ನು ನುಂಗಿಕೊಂಡು ಬರಿಯ ಸಮಾಧಾನ ಹೇಳಿದರೆ ಆಸೆ ಉಳಿಯುತ್ತದೆ, ಮುಂದಿನ ವಾರ ಮತ್ತೆ ಅದೇ ಮಾತು ಬರುತ್ತದೆ. ಹಿರಿಯರ ಹೆಸರನ್ನು ನಡುವಿನ ಹೆಸರಾಗಿ ಸೇರಿಸುವುದು ಹಲವರಿಗೆ ಹೊಳೆಯುವ ರಾಜಿ. ತಂದೆತಾಯಿಗಳಿಗೂ ಅದು ಮನಸಾರೆ ಇಷ್ಟವಾದರೆ ಬಹಳ ಸೊಗಸು. ಕೇವಲ ಬಾಯಿ ಮುಚ್ಚಿಸಲೆಂದು ಸೇರಿಸಿದರೆ ಇನ್ನೊಂದು ಕಡೆಯ ಅಜ್ಜ ಅಜ್ಜಿಯೂ ತಮ್ಮ ಪಾಲು ಕೇಳುತ್ತಾರೆ, ಮತ್ತು ಮಗು ಮುಂದೆ ತುಂಬಬೇಕಾದ ಪ್ರತಿಯೊಂದು ಅರ್ಜಿಯಲ್ಲೂ ಆ ಉದ್ದದ ಭಾರವನ್ನು ಹೊರುತ್ತದೆ.

ಕೆಲವೊಮ್ಮೆ ಕಾರಣ ಇನ್ನೂ ಒಳಗಿರುತ್ತದೆ. ಆ ಹೆಸರಿನವರು ಯಾರೋ ಹಿಂದೆ ಹಿಂಸೆ ಕೊಟ್ಟಿರಬಹುದು, ಅಥವಾ ಆ ಹೆಸರನ್ನು ತನ್ನ ಮಗುವಿಗೆಂದು ಮೀಸಲಿಟ್ಟುಕೊಂಡಿದ್ದ ಸೋದರಿ ಗರ್ಭವನ್ನು ಕಳೆದುಕೊಂಡಿರಬಹುದು. ಎರಡನೆಯದು ತಿಳಿದುಬಂದರೆ ಹೆಸರನ್ನು ಬಿಟ್ಟುಕೊಡುವ ಬಗ್ಗೆ ಗಂಭೀರವಾಗಿ ಯೋಚಿಸಬೇಕೆಂದೇ ನನ್ನ ಅನಿಸಿಕೆ. ಇಲ್ಲಿ ತೊಂದರೆ ಅನುಭವಿಸುವವಳು ಆಕ್ಷೇಪಿಸಿದವಳೇ ಆದರೂ, ಮಗು ಬೆಳೆಯುವುದು ಆ ಅತ್ತೆಯ ಅಥವಾ ಚಿಕ್ಕಮ್ಮನ ಕಣ್ಣೆದುರಿಗೇ. ತನ್ನ ಹೆಸರು ಕೇಳಿದಾಗಲೆಲ್ಲ ಒಬ್ಬರ ಮುಖ ಬಾಡುವುದನ್ನು ಮಕ್ಕಳು ಗಮನಿಸದೆ ಇರುವುದಿಲ್ಲ.

ಆಡಬೇಕಾದ ಮಾತು, ಬಿಡಬೇಕಾದ ಮಾತು

ಉಳಿದ ಟೀಕೆಗಳಿಗೆ ಒಂದೇ ವಾಕ್ಯವನ್ನು ಸಿದ್ಧವಾಗಿಟ್ಟುಕೊಂಡು, ಅದನ್ನೇ ಅದೇ ದನಿಯಲ್ಲಿ ಪುನರುಚ್ಚರಿಸುವುದು ಒಳ್ಳೆಯದು: ‘ನಿಮಗೆ ಹಿಡಿಸಿಲ್ಲ ಅಂತ ಗೊತ್ತಾಯಿತು. ನಮಗೆ ಇಷ್ಟವಾಗಿದೆ, ಇದೇ ಇರುತ್ತದೆ.’ ಇದರಲ್ಲಿ ಕಾರಣ ಇಲ್ಲದಿರುವುದು ಉದ್ದೇಶಪೂರ್ವಕ. ಕಾರಣ ಕೊಟ್ಟ ಕೂಡಲೇ ಎದುರಿನವರಿಗೆ ಖಂಡಿಸಲು ಒಂದು ವಸ್ತು ಸಿಗುತ್ತದೆ. ‘ಚಿಕ್ಕದಾಗಿದೆ ಅಂತ ಇಟ್ಟೆವು’ ಎಂದರೆ ಇನ್ನೂ ಚಿಕ್ಕದಾದ ಐದು ಹೆಸರುಗಳು ಸಂಜೆಯೊಳಗೆ ಬರುತ್ತವೆ. ಮೊದಲ ಸಲ ಕೇಳಿದವರಿಗೆ ಹೆಸರಿನ ಹಿನ್ನೆಲೆಯನ್ನು ಪ್ರೀತಿಯಿಂದ ಹೇಳಬೇಕು, ಎರಡನೆಯ ಸಲಕ್ಕೆ ಈ ವಾಕ್ಯ ಸಾಕು, ಮೂರನೆಯ ಸಲ ವಿಷಯವನ್ನೇ ಬದಲಿಸಬಹುದು. ಗುಂಪಿನ ಸಂದೇಶಗಳಲ್ಲಿ ಮಾತ್ರ ಇದನ್ನು ಚರ್ಚಿಸಲೇಬಾರದು. ಅಲ್ಲಿ ನೋಡುಗರಿರುವುದರಿಂದ ಯಾರೂ ಹಿಂದೆ ಸರಿಯುವುದಿಲ್ಲ. ‘ಫೋನ್ ಮಾಡುತ್ತೇನೆ’ ಎಂದು ಬರೆದು ಅಲ್ಲಿಗೆ ನಿಲ್ಲಿಸಬೇಕು.

‘ನಿಮ್ಮ ಮಗಳಿಗೆ ನೀವು ಇಟ್ಟ ಹೆಸರೇನು ಮಹಾ ಚೆನ್ನಾಗಿದೆಯೇ?’ ಎಂಬ ತಿರುಗೇಟು ಆ ಗಳಿಗೆಗೆ ಹಿತವೆನಿಸಿದರೂ ಅದರಿಂದ ಇನ್ನೊಂದು ಮಗುವಿನ ಹೆಸರು ಸುಮ್ಮನೆ ಜಗಳಕ್ಕೆ ಬೀಳುತ್ತದೆ. ಬೆದರಿಕೆಯೂ ಬೇಡ. ಜ್ಯಾಕ್ ಬ್ರೆಮ್ ಎಂಬ ಮನೋವಿಜ್ಞಾನಿ 1966ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ತಮ್ಮ ಸ್ವಾತಂತ್ರ್ಯವನ್ನು ಯಾರೋ ಕಸಿಯುತ್ತಿದ್ದಾರೆ ಎನಿಸಿದಾಗ ಜನ ಕಸಿಯಲಾಗುತ್ತಿರುವುದನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ‘ಇನ್ನೊಂದು ಮಾತಾಡಿದರೆ ನೋಡಿ’ ಎಂದಾಗ ಹಿರಿಯರು ಪಟ್ಟು ಹಿಡಿಯುವುದು ಈ ಕಾರಣಕ್ಕೆ. ಅದೇ ಸಿದ್ಧಾಂತ ತಂದೆತಾಯಿಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು: ಅರೆಮನಸ್ಸಿನಿಂದ ಆರಿಸಿದ ಹೆಸರೊಂದು, ಅತ್ತೆ ಬೇಡವೆಂದ ಒಂದೇ ಕಾರಣಕ್ಕೆ, ಪ್ರಾಣಕ್ಕಿಂತ ಪ್ರಿಯವಾಗಿಬಿಡುವುದುಂಟು. ಯಾರೂ ಆಕ್ಷೇಪಿಸದೇ ಇದ್ದಿದ್ದರೂ ಇದನ್ನೇ ಇಡುತ್ತಿದ್ದೆವೇ ಎಂದು ಇಬ್ಬರೂ ಏಕಾಂತದಲ್ಲಿ ಒಮ್ಮೆ ಕೇಳಿಕೊಳ್ಳುವುದು ಮೇಲು.

ಬೇರೆ ಹೆಸರಿನಿಂದಲೇ ಕರೆಯುವವರು

ಹೆಸರು ದಾಖಲೆಗೆ ಸೇರಿದ ಮೇಲೂ ಕೆಲವರು ಅದನ್ನು ನಾಲಿಗೆಗೆ ತರುವುದಿಲ್ಲ; ‘ಪಾಪು’, ‘ಪುಟ್ಟ’ ಎಂದು ದಾಟಿಸಿಬಿಡುತ್ತಾರೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುದ್ದಿನ ಹೆಸರು ಮುದ್ದಿನದೇ. ಅದರ ಹಿಂದಿರುವ ಮುನಿಸನ್ನು ಹುಡುಕುತ್ತ ಹೋದರೆ ಸುಮ್ಮನಿರುವ ಮುನಿಸೂ ಎಚ್ಚರಗೊಳ್ಳುತ್ತದೆ. ಆದರೆ ತಾವು ಸೂಚಿಸಿದ್ದ ಹೆಸರಿನಿಂದಲೇ ಮಗುವನ್ನು ಕರೆಯುವುದು, ಉಡುಗೊರೆಯ ಮೇಲೆ ಅದೇ ಹೆಸರನ್ನು ಬರೆಸುವುದು, ನೆರೆಹೊರೆಯವರಿಗೆ ಅದನ್ನೇ ಹೇಳುವುದು ಬೇರೆ ವಿಷಯ. ಅಲ್ಲಿ ಸಲಿಗೆ ಮುಗಿದಿದೆ. ಪ್ರತಿ ಸಲವೂ, ದನಿ ಏರಿಸದೆ, ಸರಿಯಾದ ಹೆಸರನ್ನು ಸೇರಿಸಿ ಉತ್ತರಿಸಬೇಕು. ಹಲವು ಸಲ ಹೇಳಿದರೂ ಮುಂದುವರಿದರೆ ಅವರ ಮಗ ಅಥವಾ ಮಗಳು ಒಬ್ಬರೇ ಕುಳಿತು, ‘ಎರಡು ಹೆಸರುಗಳಿಂದ ಮಗುವಿಗೆ ಗೊಂದಲವಾಗುತ್ತದೆ, ದಯವಿಟ್ಟು ನಿಲ್ಲಿಸಿ’ ಎಂದು ನೇರವಾಗಿ ಕೇಳಬೇಕು. ಮಗು ತನ್ನ ಹೆಸರಿಗೆ ತಿರುಗಿ ನೋಡುವ ವಯಸ್ಸಿಗೆ ಬರುವ ಮೊದಲೇ ಇದು ಮುಗಿದಿದ್ದರೆ ಒಳ್ಳೆಯದು. ಮಗುವಿಗೆ ಮಾತು ಅರ್ಥವಾಗುವ ಹೊತ್ತಿಗೆ ಇನ್ನೂ ಯಾರಾದರೂ ಅದರೆದುರಿಗೇ ‘ಪಾಪ, ಎಂಥ ಹೆಸರಿಟ್ಟುಬಿಟ್ಟರು’ ಎನ್ನುತ್ತಿದ್ದರೆ, ಆಗ ಸೌಜನ್ಯದ ಲೆಕ್ಕ ಬದಲಾಗುತ್ತದೆ. ಆ ಮಾತನ್ನು ಮಗುವಿನ ಕಿವಿಗೆ ಬೀಳುವಂತೆ ಆಡಬಾರದೆಂದು ಅಲ್ಲೇ, ಎಲ್ಲರ ಮುಂದೆಯೇ ಹೇಳಿಬಿಡಬೇಕು.

ಮನಸ್ಸು ತಾನಾಗಿ ಬದಲಾದರೆ

ಟೀಕೆಗಳೆಲ್ಲ ಅಡಗಿದ ಮೇಲೆ, ತಂದೆತಾಯಿಗಳಿಗೇ ಹೆಸರು ಹೊಂದುತ್ತಿಲ್ಲ ಎನಿಸುವುದೂ ಉಂಟು. ಹೊಸದಾಗಿ ಹುಟ್ಟಿದ ಮಗುವಿನ ಮನೆಯಲ್ಲಿ ನಿದ್ದೆಯಿಲ್ಲದ ಮೊದಲ ವಾರಗಳಲ್ಲಿ ಬಂದ ಈ ಅನುಮಾನವನ್ನು ಕೂಡಲೇ ನಂಬಬಾರದು. ಆ ದಿನಗಳು ಕಳೆದ ಮೇಲೂ ಅದು ಉಳಿದಿದ್ದರೆ, ಬದಲಿಸಲು ಇರುವ ಅವಧಿಯನ್ನು ಜನನ ನೋಂದಣಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ನಿಯಮ ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ 42 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು, ನೋಂದಣಿಯಾದ 12 ತಿಂಗಳೊಳಗೆ ಮಗುವಿನ ಹೆಸರು ಬದಲಾದರೆ ಅದನ್ನು ಅದೇ ದಾಖಲೆಯಲ್ಲಿ ಸೇರಿಸಿಕೊಳ್ಳಲು ಅವಕಾಶವಿದೆ. ಶಾಲೆ, ಪಾಸ್‌ಪೋರ್ಟ್, ವಿಮೆಯಂಥ ದಾಖಲೆಗಳು ಒಂದರ ಮೇಲೊಂದು ಕೂಡಿಕೊಳ್ಳುವ ಮೊದಲು ಬದಲಿಸಿದಷ್ಟೂ ಓಡಾಟ ಕಡಿಮೆ. ಬದಲಿಸಿದ ಹೆಸರನ್ನು ಬಂಧುಗಳಿಗೆ ತಿಳಿಸುವಾಗ, ‘ನಾವು ಆವತ್ತೇ ಹೇಳಿದ್ದೆವು’ ಎನ್ನುವವರು ಇದ್ದೇ ಇರುತ್ತಾರೆ. ‘ಹೌದು, ಹೇಳಿದ್ದಿರಿ’ ಎಂದು ಒಪ್ಪಿ, ಹೊಸ ಹೆಸರಿನ ಕಾಗುಣಿತವನ್ನು ಅವರಿಗೆ ಬರೆದು ಕೊಡಬೇಕು.